ತೆಂಗಿಗೆ ಕುರುವಾಯಿ ಕಾಟ: ಪರಿಹಾರ ಗೊಬ್ಬರದ ಗುಂಡಿಯಿಂದಲೇ

ಕಾಸರಗೋಡು: ತೆಂಗಿನ ಸುಳಿ ಬಿಚ್ಚಿಕೊಂಡಾಗ ಹೊಸ ಮಡಲು ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ ಹಾಗೆ ಬೀಸಣಿಗೆಯ ಆಕಾರದಲ್ಲಿ ಕಂಡರೆ ಅದು ಕುರುವಾಯಿಯ ಕೆಲಸ. ಮಲಯಾಳದಲ್ಲಿ ಇದಕ್ಕೆ 'ಕೊಂಬನ್ ಚೆಲ್ಲಿ' ಎಂದು ಹೆಸರು. ತಲೆಯ ಮೇಲೆ ಕೊಂಬಿರುವ ಈ ಕಪ್ಪು ದುಂಬಿ ಹಗಲು ಅಡಗಿದ್ದು ರಾತ್ರಿ ಹಾರುತ್ತದೆ. ಸುಳಿಯನ್ನೂ ಹೊಂಬಾಳೆಯನ್ನೂ ಕೊರೆದು ಒಳಗಿನ ರಸ ಹೀರುತ್ತದೆ. ತೂತಿನಿಂದ ಹೊರಬಿದ್ದ ಜಗಿದ ನಾರು ಇದರ ಗುರುತು.

ಕುರುವಾಯಿಯಿಂದ ದೊಡ್ಡ ಮರ ಸಾಯುವುದು ಅಪರೂಪ. ಆದರೆ ಅದು ಮಾಡಿದ ಗಾಯದಲ್ಲಿ ಕೆಂಪುಮೂತಿ ಹುಳು ಮೊಟ್ಟೆ ಇಡುತ್ತದೆ. ಮಳೆಗಾಲದಲ್ಲಿ ಸುಳಿಕೊಳೆ ರೋಗವೂ ಅಲ್ಲಿಂದಲೇ ಒಳಹೊಗುತ್ತದೆ. ಇವೆರಡೂ ಮರವನ್ನೇ ಬಲಿ ತೆಗೆದುಕೊಳ್ಳುತ್ತವೆ. ಎಳೆಯ ಸಸಿಗಳಂತೂ ಕುರುವಾಯಿಯ ಒಂದೇ ಏಟಿಗೆ ಒಣಗುವುದುಂಟು.

ಹುಟ್ಟುವುದೆಲ್ಲಿ?

ದುಂಬಿ ತಿನ್ನುವುದು ಮರದ ತಲೆಯಲ್ಲಾದರೂ ಹುಟ್ಟುವುದು ನೆಲದಲ್ಲಿ. ಹಟ್ಟಿಗೊಬ್ಬರದ ಗುಂಡಿ, ಕೊಳೆತ ತೆಂಗಿನ ಕಾಂಡ, ಕಸದ ರಾಶಿಗಳಲ್ಲಿ ಅದು ಮೊಟ್ಟೆ ಇಡುತ್ತದೆ. ಗೊಬ್ಬರ ತೆಗೆಯುವಾಗ ಸಿಗುವ, ಬಾಗಿ ಮಲಗಿದ ದಪ್ಪ ಬಿಳಿ ಹುಳು ಇದರದೇ ಮರಿ. ಇದು ಬೆಳೆದು ದುಂಬಿಯಾಗಲು ತಿಂಗಳುಗಟ್ಟಲೆ ಬೇಕು. ಹತೋಟಿಗೆ ಅದೇ ಒಳ್ಳೆಯ ಅವಕಾಶ.

ಮಾಡಬೇಕಾದದ್ದು

ಸತ್ತ ಮರ, ಬುಡದ ಕುತ್ತಿಗಳನ್ನು ತೋಟದಲ್ಲಿ ಕೊಳೆಯಲು ಬಿಡಬಾರದು. ಗೊಬ್ಬರ ಮಗುಚುವಾಗ ಸಿಕ್ಕಿದ ಹುಳುಗಳನ್ನು ಹೆಕ್ಕಿ ಕೊಲ್ಲಬೇಕು. ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ಗುಂಡಿಗೆ ಸೇರಿಸಿದರೆ ಹುಳುಗಳು ರೋಗ ತಗಲಿ ಸಾಯುತ್ತವೆ. ಮಲಯಾಳದಲ್ಲಿ ಪೆರುವಲಂ ಎನ್ನುವ ಗಿಡದ ಸೊಪ್ಪನ್ನು ಗೊಬ್ಬರಕ್ಕೆ ಬೆರೆಸುವುದೂ ಉಪಯುಕ್ತ.

ಕಾಯಿ ಕೀಳಲು ಮರ ಹತ್ತಿದಾಗಲೆಲ್ಲ ತೂತುಗಳನ್ನು ನೋಡಿ, ಕೊಕ್ಕೆಯಿರುವ ಕಬ್ಬಿಣದ ಸರಿಗೆಯಿಂದ ದುಂಬಿಯನ್ನು ಎಳೆದು ತೆಗೆಯಬೇಕು. ಬಳಿಕ ಸುಳಿಯ ಪಕ್ಕದ ಮೂರು ಮಡಲುಗಳ ಬುಡದ ಸಂದಿಗೆ 250 ಗ್ರಾಂ ಬೇವಿನ ಹಿಂಡಿಯನ್ನು ಅಷ್ಟೇ ಮರಳಿನೊಂದಿಗೆ ಬೆರೆಸಿ ತುಂಬಬೇಕು. ವರ್ಷಕ್ಕೆ ಮೂರು ಸಲ, ಮೇ, ಸೆಪ್ಟೆಂಬರ್ ಮತ್ತು ಡಿಸೆಂಬರಿನಲ್ಲಿ ಹೀಗೆ ಮಾಡಬಹುದು. ಸಣ್ಣ ಸಸಿಗಳ ಸಂದಿಗೆ ಮೂರು ನಾಲ್ಕು ನುಸಿಗುಳಿಗೆ ಇಟ್ಟು ಮರಳು ಮುಚ್ಚಿ, 45 ದಿನಕ್ಕೊಮ್ಮೆ ಬದಲಿಸಿದರೆ ಸಾಕು.

ಹಿಂದೆ ಬಳಸುತ್ತಿದ್ದ ಬಿಎಚ್‌ಸಿ 1997ರಲ್ಲಿ, ಕಾರ್ಬಾರಿಲ್ 2018ರಲ್ಲಿ ದೇಶದಲ್ಲಿ ನಿಷೇಧವಾಗಿವೆ. ಹಳೆಯ ಪುಸ್ತಕಗಳ ಆ ಸಲಹೆಯನ್ನು ಈಗ ಪಾಲಿಸುವಂತಿಲ್ಲ.

ವೈರಸ್ಸೂ ಮಿತ್ರ

1963ರಲ್ಲಿ ಜರ್ಮನಿಯ ವಿಜ್ಞಾನಿ ಅಲೋಯ್ಸ್ ಹ್ಯೂಗರ್ ಮಲೇಷ್ಯಾದಲ್ಲಿ ಕುರುವಾಯಿಗೆ ರೋಗ ತರುವ ವೈರಸ್ಸೊಂದನ್ನು ಕಂಡುಹಿಡಿದರು. ರೋಗ ತಗಲಿಸಿದ ದುಂಬಿಗಳನ್ನು ಹಾರಿಬಿಟ್ಟರೆ ಅವೇ ಉಳಿದವುಗಳಿಗೆ ರೋಗ ಹರಡುತ್ತವೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಈ ಕ್ರಮವನ್ನು ಯಶಸ್ವಿಯಾಗಿ ಪ್ರಯೋಗಿಸಿದರು.

ದುಂಬಿಗೆ ಬೇಲಿಯಿಲ್ಲ. ಒಬ್ಬರು ಗುಂಡಿ ಶುಚಿ ಮಾಡಿ ಪಕ್ಕದವರು ಸುಮ್ಮನಿದ್ದರೆ ಫಲ ಕಡಿಮೆ. ಆದ್ದರಿಂದ ನೆರೆಕರೆಯವರೆಲ್ಲ ಮಳೆ ಹಿಡಿಯುವ ಮೊದಲೇ ಒಟ್ಟಾಗಿ ಗುಂಡಿ ಮಗುಚುವುದು ಒಳಿತು. ಹೆಚ್ಚಿನ ಸಲಹೆಗೆ ಪಂಚಾಯತಿನ ಕೃಷಿಭವನವನ್ನು ವಿಚಾರಿಸಬಹುದು.