ಚತುಷ್ಕೋನ ಪಂದ್ಯಗಳೂ ಮುಂಬಯಿಯ ಸಮಾಜವೂ

ದೊಡ್ಡ ಕ್ರೀಡಾಕೂಟಗಳು ಊರನ್ನು ಒಂದುಗೂಡಿಸುವವೆಂಬುದು ರೂಢಿಯ ನಂಬುಗೆ. ಮುಂಬಯಿಯ ಇತಿಹಾಸವು ಅದನ್ನು ಅರ್ಧ ಮಾತ್ರ ಸಮರ್ಥಿಸುತ್ತದೆ.

ಇಲ್ಲಿ ಯುರೋಪಿಯನ್ನರಿಗೂ ಪಾರಸಿಗಳಿಗೂ ನಡೆಯುತ್ತಿದ್ದ ಕ್ರಿಕೆಟ್ ಪಂದ್ಯಗಳಲ್ಲಿ 1907ರಿಂದ ಹಿಂದೂಗಳೂ 1912ರಿಂದ ಮುಸಲ್ಮಾನರೂ ಪಾಲ್ಗೊಂಡರು. 1937ರಲ್ಲಿ ಉಳಿದ ಮತದವರ ತಂಡವೂ ಸೇರಿ ಅದು ಪಂಚಕೋನವಾಯಿತು. ನಗರವೆಲ್ಲ ಒಂದೇ ಮೈದಾನದ ಸುತ್ತ ನೆರೆಯುತ್ತಿತ್ತು, ನಿಜ. ಆದರೆ ನೆರೆದವರು ಮತಕ್ಕೊಂದು ಪಕ್ಷವಾಗಿಯೇ ನೆರೆಯುತ್ತಿದ್ದರು. ಮತಾನುಸಾರವಾದ ಈ ಪಂದ್ಯಗಳನ್ನು ಕೈಬಿಡಬೇಕೆಂದು 1940ರ ಡಿಸೆಂಬರಿನಲ್ಲಿ ಗಾಂಧೀಜಿಯವರು ಮುಂಬಯಿಯ ಜನತೆಯನ್ನು ಕೇಳಿಕೊಂಡರು. 1946ರ ಬಳಿಕ ಅವು ನಡೆಯಲಿಲ್ಲ.

ಆದರೆ ಇದೇ ಕಣದಲ್ಲಿ ಇನ್ನೊಂದು ಗೋಡೆ ಬಿರಿಯಿತೆಂಬುದನ್ನೂ ಗಮನಿಸಬೇಕು. ಅಸ್ಪೃಶ್ಯವೆಂದು ಎಣಿಸಲ್ಪಟ್ಟಿದ್ದ ಕುಲದವರೂ ನಮ್ಮ ಧಾರವಾಡದಲ್ಲಿ ಜನಿಸಿದವರೂ ಆದ ಪಾಳವಣಕರ ಬಾಳೂ ಹಿಂದೂ ತಂಡದ ಶ್ರೇಷ್ಠ ಬೌಲರರಾಗಿದ್ದರು. ಪುಣೆಯಲ್ಲಿ ಅವರೊಡನೆ ಆಡಿದವರೇ ವಿರಾಮವೇಳೆಯಲ್ಲಿ ಅವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹ ಕೊಡಿಸುತ್ತಿದ್ದರು. ನಾಯಕಪದವಿ ಅವರಿಗೆ ಒಲಿಯಲಿಲ್ಲ. 1920ರಲ್ಲಿ ಸೋದರರು ಈ ಅನ್ಯಾಯವನ್ನು ಪ್ರತಿಭಟಿಸಿದರು. 1923ರಲ್ಲಿ ತಮ್ಮ ವಿಠ್ಠಲರು ನಾಯಕರಾಗಿ ತಂಡವನ್ನು ಗೆಲ್ಲಿಸಿದರು.

ಜನ ನೆರೆದ ಮಾತ್ರಕ್ಕೆ ಸಮಾಜ ಕೂಡದು. ಯಾರನ್ನು ಯಾವ ಹೆಸರಿನಿಂದ ಕಣಕ್ಕೆ ಕರೆದೆವು, ಯಾರ ಕೈಗೆ ಮುಂದಾಳುತನವನ್ನು ಕೊಟ್ಟೆವು ಎಂಬುದರ ಮೇಲೆ ಅದರ ಐಕ್ಯ ನಿಂತಿದೆ.