ನೆಲೆಯಿಲ್ಲದ ಕಿಶೋರರೂ ಕ್ಷಯಚಿಕಿತ್ಸೆಯೂ

ಪೂರ್ವದಲ್ಲಿ ಕ್ಷಯರೋಗಿಗಳಿಗೆ ಆರೋಗ್ಯಧಾಮವಾಸವೇ ಮುಖ್ಯ ಚಿಕಿತ್ಸೆಯೆಂದು ಬಗೆಯಲ್ಪಟ್ಟಿದ್ದಿತು. 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯಚಿಕಿತ್ಸಾ ಕೇಂದ್ರದವರು, ಮನೆಯಲ್ಲಿದ್ದು ಔಷಧಿ ಸೇವಿಸಿದವರೂ ಧಾಮವಾಸಿಗಳಂತೆಯೇ ಗುಣಹೊಂದುವರೆಂಬುದನ್ನು 1959ರಲ್ಲಿ ತೋರಿಸಿಕೊಟ್ಟರು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. 1962ರಲ್ಲಿ ದೇಶವ್ಯಾಪಿಯಾದ ಕಾರ್ಯಕ್ರಮವು ಆರಂಭವಾಯಿತು. ಇದರಿಂದ ಬಡವರಿಗಾದ ಉಪಕಾರವು ಅಪಾರವಾದುದು.

ಆದರೆ ಮನೆಯೇ ಇಲ್ಲದ ಹದಿಹರೆಯದವರ ಗತಿಯೇನು? ರೈಲುನಿಲ್ದಾಣದಲ್ಲಿ ಮಲಗುವ ಬಾಲಕನಿಗೆ ಸರಕಾರದ ಔಷಧಿಯು ಉಚಿತವಾಗಿ ದೊರೆಯಬಹುದು. ಅದನ್ನು ಆರು ತಿಂಗಳು ತಪ್ಪದೆ ಸೇವಿಸುವುದಕ್ಕೆ ನಿಂತ ನೆಲೆಯೂ, ಹೊತ್ತಿಗೆ ಅನ್ನವೂ, ವಿಚಾರಿಸುವ ಹಿರಿಯರೂ ಬೇಕಷ್ಟೆ! ನಡುವೆ ಬಿಟ್ಟ ಔಷಧಿಯಿಂದ ರೋಗವು ಮರುಕಳಿಸಿ, ಮದ್ದಿಗೂ ಮಣಿಯದಂತಾಗಬಹುದು.

ಆದುದರಿಂದ ಇಂಥವರಿಗೆ ಆಶ್ರಯವೇ ಚಿಕಿತ್ಸೆಯ ಅರ್ಧಭಾಗವು. ಅನ್ನದೊಡನೆ ಆಸರೆಯನ್ನೂ ಆರೈಕೆಯನ್ನೂ ನೀಡುವುದೇ ಪೂರ್ಣ ದಾಸೋಹವೆಂದು ಭಕ್ತರು ಭಾವಿಸತಕ್ಕದ್ದು.