ಬ್ರಹ್ಮಗಿರಿಯ ವಯಸ್ಸು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ನಾವು ಶಾಲೆಯಲ್ಲಿ ಅಶೋಕನ ಶಾಸನದ ಊರೆಂದು ಓದಿದ್ದೇವೆ. 1892ರಲ್ಲಿ ಬಿ.ಎಲ್. ರೈಸ್ ಆ ಶಾಸನವನ್ನು ಬೆಳಕಿಗೆ ತಂದರು. ಶಾಸನವಿದ್ದರೆ ಕಾಲ ಹೇಳುವುದು ಸುಲಭ: ಅಶೋಕನೆಂದರೆ ಕ್ರಿ.ಪೂ. 3ನೇ ಶತಮಾನ. ಆದರೆ ಅದೇ ಗುಡ್ಡದ ಬುಡದ ಮಣ್ಣಿನಲ್ಲಿ ಕಲ್ಲಿನ ಕೊಡಲಿಗಳಿವೆ. ಅವುಗಳ ಮೇಲಿನ ಪದರದಲ್ಲಿ ಕಬ್ಬಿಣ ಬಲ್ಲ, ಬೃಹತ್ ಶಿಲಾ ಸಮಾಧಿಗಳನ್ನು ಕಟ್ಟಿದ ಜನರ ಕಪ್ಪು-ಕೆಂಪು ಮಡಕೆಗಳಿವೆ. ಅಕ್ಷರವಿಲ್ಲದ ಈ ಜನರ ಕಾಲ ಯಾವುದು?

1947ರಲ್ಲಿ ಇಲ್ಲಿ ಉತ್ಖನನ ಮಾಡಿದ ಮಾರ್ಟಿಮರ್ ವೀಲರ್ ಹೂಡಿದ ಉಪಾಯ ಜಾಣತನದ್ದು. ಎರಡು ವರ್ಷ ಮೊದಲು ಅವರು ಪಾಂಡಿಚೇರಿ ಬಳಿಯ ಅರಿಕಮೇಡನ್ನು ಅಗೆದಿದ್ದರು. ಅಲ್ಲಿ ಇಟಲಿಯ ಅರೆಟ್ಸೊದಲ್ಲಿ ಹೆಸರಾದ ಹೊಳಪಿನ ಕೆಂಪು ಪಾತ್ರೆಗಳ ಚೂರುಗಳು ಸಿಕ್ಕಿದ್ದವು. ಅವುಗಳ ಕಾಲ ರೋಮನ್ ಇತಿಹಾಸದಿಂದ ಗೊತ್ತಿತ್ತು. ಜೊತೆಗೇ, ಒಳತಳದಲ್ಲಿ ಸಣ್ಣ ಗೀರುಗಳ ಸುತ್ತುಗಳಿದ್ದ ಇನ್ನೊಂದು ಬಗೆಯ ತಟ್ಟೆಯೂ ಇತ್ತು. ಅಂಥದೇ ತಟ್ಟೆಯ ಚೂರುಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಸಿಕ್ಕಿದವು. ಹಾಗಾದರೆ ಆ ಪದರ ಕ್ರಿ.ಶ. 1ನೇ ಶತಮಾನದ್ದು.

ಇಲ್ಲಿಯವರೆಗೆ ಗೂಟ ಗಟ್ಟಿ. ಅದರ ಕೆಳಗಿನದು ಮಾತ್ರ ಅಂದಾಜು. ಪದರ ಇಷ್ಟು ದಪ್ಪವಿದ್ದರೆ ಇಷ್ಟು ವರ್ಷ ಎಂಬ ಲೆಕ್ಕ ಅದು. ಒಂದು ಅಡಿ ಮಣ್ಣು ಒಂದೇ ಮಳೆಗಾಲದಲ್ಲೂ ಕೂಡೀತು, ಮುನ್ನೂರು ವರ್ಷದಲ್ಲೂ ಕೂಡೀತು. ವೀಲರ್ ಬೃಹತ್ ಶಿಲಾ ಸಂಸ್ಕೃತಿಯ ಆರಂಭವನ್ನು ಕ್ರಿ.ಪೂ. 200ಕ್ಕೆ ಇಟ್ಟರು. ಅಂದರೆ ಬಂಡೆಯ ಮೇಲೆ ಅಶೋಕನ ಶಾಸನ ಕೊರೆಯುತ್ತಿದ್ದಾಗ ಪಕ್ಕದ ಊರಿನವರು ಇನ್ನೂ ಕಲ್ಲಿನ ಕೊಡಲಿ ಹಿಡಿದಿದ್ದರು! ದಕ್ಷಿಣವೆಂದರೆ ತಡವಾಗಿ ಎಚ್ಚೆತ್ತ ನಾಡು ಎಂಬ ಚಿತ್ರಕ್ಕೆ ಈ ಲೆಕ್ಕ ಒಳ್ಳೆಯ ಚೌಕಟ್ಟಾಯಿತು.

ಅದನ್ನು ಕದಲಿಸಿದ್ದು ಇದ್ದಿಲು. ಬದುಕಿರುವ ಗಿಡ ಗಾಳಿಯಿಂದ ಕಾರ್ಬನ್-14 ಹೀರುತ್ತಲೇ ಇರುತ್ತದೆ. ಸತ್ತ ಮೇಲೆ ಅದು ಸುಮಾರು 5730 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಉಳಿದದ್ದನ್ನು ಅಳೆದರೆ ವಯಸ್ಸು ಸಿಗುತ್ತದೆ. 1949ರಲ್ಲಿ ವಿಲ್ಲಾರ್ಡ್ ಲಿಬ್ಬಿ ತೋರಿಸಿಕೊಟ್ಟ ಈ ಅಳತೆಯನ್ನು ಅರವತ್ತರ ದಶಕದಲ್ಲಿ ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೇ ಮಾಡುತ್ತಿದ್ದರು. ಪುಣೆಯ ಡೆಕ್ಕನ್ ಕಾಲೇಜಿನಿಂದ ಹೋಗಿ ಎಂ.ಎಸ್. ನಾಗರಾಜರಾವ್ ಅಗೆದ ತೆಕ್ಕಲಕೋಟೆ ಮತ್ತು ತುಂಗಭದ್ರೆಯ ದಂಡೆಯ ಹಳ್ಳೂರಿನ ಇದ್ದಿಲು ಅಲ್ಲಿಗೆ ಬಂತು. ತೆಕ್ಕಲಕೋಟೆಯ ಶಿಲಾಯುಗದ ವಸತಿ ಕ್ರಿ.ಪೂ. 2ನೇ ಸಹಸ್ರಮಾನದ ನಡುಭಾಗಕ್ಕೆ ಸರಿಯಿತು. ಹಳ್ಳೂರಿನ ಕಬ್ಬಿಣ ಕ್ರಿ.ಪೂ. 1000ದ ಆಸುಪಾಸಿಗೆ ಹೋಯಿತು. ವೀಲರ್ ಲೆಕ್ಕಕ್ಕಿಂತ ಎಂಟು ಶತಮಾನ ಹಿಂದೆ.

ಹಂಪಿ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯ ಚಿತಾಭಸ್ಮ ಎನ್ನುತ್ತಾರೆ. ಇಂಥದೇ ಉತ್ನೂರಿನ ದಿಬ್ಬವನ್ನು ಅಗೆದ ಆಲ್ಚಿನ್‌ಗೆ ಸಿಕ್ಕಿದ್ದು ಸುಟ್ಟ ಸಗಣಿ ಮತ್ತು ದನಗಳ ಗೊರಸಿನ ಗುರುತು. ಈ ದನಗಾಹಿಗಳ ಆರಂಭವನ್ನು ಈಗ ಸುಮಾರು ಕ್ರಿ.ಪೂ. 3000ಕ್ಕೆ ಇಡುತ್ತಾರೆ.

ಇದ್ದಿಲಿಗೂ ಒಂದು ತೊಡಕಿದೆ. ಇನ್ನೂರು ವರ್ಷದ ಮರದ ತಿರುಳನ್ನು ಒಲೆಗೆ ಹಾಕಿದರೆ ಸಿಗುವುದು ತಿರುಳಿನ ವಯಸ್ಸು, ಅಡುಗೆಯದಲ್ಲ. ಹಾಗಾಗಿ ಈಚೆಗೆ ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಬಳ್ಳಾರಿಯ ಸಂಗನಕಲ್ಲು ಮೊದಲಾದೆಡೆ ಒಂದೇ ವರ್ಷ ಬಾಳುವ ಪೈರಿನ ಕರಕಲು ಕಾಳುಗಳತ್ತ ತಿರುಗಿದರು. ಅಲ್ಲಿ ಹುರುಳಿ, ಹೆಸರು, ಕೊರಲೆ ಸಿಕ್ಕಿವೆ. ಉತ್ತರವೂ ಒಂದೇ ಇಸವಿಯಾಗಿ ಬರುವುದಿಲ್ಲ, ಹೆಚ್ಚು-ಕಡಿಮೆಯ ಅಂತರದೊಂದಿಗೆ ಬರುತ್ತದೆ. ವಾಟ್ಸಾಪಿನ ಹೆಮ್ಮೆಯ ಸಂದೇಶಗಳಲ್ಲಿ ಮೊದಲು ಬಿದ್ದುಹೋಗುವುದು ಅದೇ.

ಸಂಗನಕಲ್ಲಿನ ಗುಡ್ಡಗಳಿಗೆ ಕಲ್ಲು ಗಣಿಗಾರಿಕೆಯಿಂದ ಪೆಟ್ಟಾಗಿದೆ. ಪದರ ಕಲಕಿದ ಮೇಲೂ ಪ್ರಯೋಗಾಲಯ ಕಾಳಿನ ವಯಸ್ಸು ಹೇಳೀತು. ಅದು ಯಾರ ಒಲೆಯದು ಎಂದು ಹೇಳಲಾರದು.